ಸ್ಯಾಂಪಲ್

ಡಬ್ಬಿಯ ಮುಚ್ಚಳ ತೆಗೆದು ಓಂಕಾರಪ್ಪ ಕಾಫಿ ಬೀಜವನ್ನು ಮೇಜಿನ ಮೇಲೆ ಸುರಿದ. ಸಿಪ್ಪೆ ತೆಗೆದ ರೊಬಸ್ಟಾ, ಕಾಲು ಕೆ.ಜಿ.ಯಷ್ಟು. ಮೇಜಿನ ಆಚೆ ಕೂತಿದ್ದ ಹುಡುಗಿ ತನ್ನ ಮುಂದಿದ್ದ ಫಾರಂಗಳನ್ನು ಎರಡೂ ಕೈಯಿಂದ ಹಿಂದಕ್ಕೆಳೆದುಕೊಂಡಳು. ಅವಳ ಕೊರಳಿನ ಗುರುತಿನ ಚೀಟಿಯಲ್ಲಿ ‘ಕೃತಿಕಾ, ಸಮಾಜ ಕಾರ್ಯಕರ್ತೆ, ಹೊನ್ನೆಮರ ಟ್ರಸ್ಟ್’ ಎಂದಿತ್ತು.

"ಇದೆಲ್ಲ ಬೇಡ ಸರ್. ನಮ್ಮದೇ ಪ್ರಶ್ನೆಗಳಿವೆ."

"ಎರಡು ನಿಮಿಷ ನೋಡಿ ಮೇಡಂ, ಸಾಕು. ಶಿಲ್ಪಾ, ಆರ್ಸು ಮಗಳೇ."

ಶಿಲ್ಪಾ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಬೀಜವನ್ನು ಅಂಗೈಯಿಂದ ತೆಳ್ಳಗೆ ಹರಡಿದಳು. ಅವಳಿಗೆ ಮೂವತ್ತೊಂದು ವರ್ಷ. ಹೊಸ ಚೂಡಿದಾರ್, ಎರಡು ಜಡೆ, ಎರಡಕ್ಕೂ ಕನಕಾಂಬರ. ಸರ್ಕಾರದ ಕಾರ್ಡಿನಲ್ಲಿ ಬೌದ್ಧಿಕ ಅಂಗವೈಕಲ್ಯ ಶೇಕಡಾ ಎಪ್ಪತ್ತೈದು ಎಂದಿದೆ. ಅವಳ ಮಾತು ಆರೇಳು ವರ್ಷದ ಮಕ್ಕಳ ಮಾತಿನಂತಿತ್ತು. ಬೆರಳು ಹಾಗಿರಲಿಲ್ಲ. ಕಪ್ಪು ಬೀಜ ಒಂದು ಕಡೆ, ಬೋರರ್ ಹುಳು ಕೊರೆದದ್ದು ಇನ್ನೊಂದು ಕಡೆ, ಚೂರಾದದ್ದು, ಗುಂಡಗಿನ ಪೀಬೇರಿ ಎಂದು ನಾಲ್ಕು ಗುಪ್ಪೆಗಳು ಎದ್ದವು. ಹುಳು ಕೊರೆದ ತೂತು ಸೂಜಿಮೊನೆಯಷ್ಟಿರುತ್ತದೆ. ಕಳಸದಲ್ಲಿ ನಲವತ್ತು ವರ್ಷ ಕಾಫಿ ವ್ಯಾಪಾರ ಮಾಡಿದ ಓಂಕಾರಪ್ಪನಿಗೇ ಈಗ ಅದು ಕನ್ನಡಕವಿಲ್ಲದೆ ಕಾಣುವುದಿಲ್ಲ. ಒಳ್ಳೆಯ ಬೀಜವನ್ನು ಶಿಲ್ಪಾ ಮುಟ್ಟಲಿಲ್ಲ. ಅದು ನಡುವೆ ತಾನಾಗಿ ಉಳಿಯಿತು.

"ಇದೆಂತದು ಹೇಳು ಮೇಡಂಗೆ."

"ಬೋರರ್."

"ಇದು?"

"ಪೀಬಿ."

"ಯಾವ್ದು ತೆಗೀಬೇಕು ಮೊದ್ಲು?"

"ಕಪ್ಪು. ಕಪ್ಪು ಬೀಜ ತೆಗೀಬೇಕು. ವಾಸ್ನೆ ಬತ್ತದೆ."

ಹಿಂದೆ ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಟ್ರಸ್ಟಿನ ಟೀ ಷರ್ಟು ಹಾಕಿದ್ದ ಒಬ್ಬ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡ. ಕೃತಿಕಾ ಕೂಡ ನಕ್ಕು, "ಸೂಪರ್ ಶಿಲ್ಪಾ," ಎಂದಳು.

ಫೆಬ್ರವರಿಯ ಎರಡನೇ ಶನಿವಾರ. ಮೂಡಿಗೆರೆಯ ಶಾಲಾ ಮೈದಾನದಲ್ಲಿ ಟ್ರಸ್ಟು ನಡೆಸುವ ‘ಚೇತನ ಹಬ್ಬ’. ಶಾಮಿಯಾನದ ಕೆಳಗೆ ಇಪ್ಪತ್ತಾರು ಮಳಿಗೆಗಳಿದ್ದವು: ಊರುಗೋಲು ಮತ್ತು ಶ್ರವಣಯಂತ್ರದ್ದು, ಕಿವುಡ ಮಕ್ಕಳು ಮಾಡಿದ ಮೇಣದ ಬತ್ತಿಯದ್ದು, ಮಂಡಿ ತಪಾಸಣೆಯದ್ದು, ಬಸ್ ಪಾಸಿನ ಅರ್ಜಿಯದ್ದು. ಮೈದಾನದ ಆ ತುದಿಯಲ್ಲಿ ಗಾಲಿಕುರ್ಚಿ ಓಟಕ್ಕೆ ಸುಣ್ಣದಲ್ಲಿ ಗೆರೆ ಎಳೆದಿದ್ದರು. ಎಲ್ಲಕ್ಕಿಂತ ಉದ್ದನೆಯ ಸಾಲು ಮಾತ್ರ ಹದಿನೇಳನೇ ಮಳಿಗೆಯ ಮುಂದೆ, ಕೃತಿಕಾಳ ಮೇಜಿಗೆ. ಅರವತ್ತಮೂರು ಕುಟುಂಬಗಳು ಹೆಸರು ಬರೆಸಿದ್ದವು. ಹದಿನೈದು ದಿನದ ಹಿಂದೆ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಂದಿದ್ದ ಸುದ್ದಿಯನ್ನು ಓಂಕಾರಪ್ಪ ಕತ್ತರಿಸಿ ಜೇಬಿನಲ್ಲಿಟ್ಟುಕೊಂಡಿದ್ದ. ಆಲ್ದೂರು ಬಳಿ ಟ್ರಸ್ಟು ನಡೆಸುವ ಬೌದ್ಧಿಕ ಅಂಗವಿಕಲ ಮಹಿಳೆಯರ ವಸತಿನಿಲಯದಲ್ಲಿ ನಾಲ್ಕು ಸ್ಥಾನ ಖಾಲಿಯಿದ್ದು, ಹಬ್ಬದಂದು ಸಂದರ್ಶನ ನಡೆಸಿ ‘ಅರ್ಹರನ್ನು ಆಯ್ಕೆ ಮಾಡಲಾಗುವುದು’ ಎಂದು ಅದರಲ್ಲಿತ್ತು. ಅರ್ಹರು ಎಂಬ ಪದದ ಕೆಳಗೆ ಅವನು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದ. ಆ ದಿನದಿಂದ ಮಧ್ಯಾಹ್ನ ಊಟವಾದ ಮೇಲೆ ಒಂದು ತಾಸು ಮಗಳನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದ್ದ. ಹೆಸರು ಕೇಳಿದರೆ ಹೀಗೆ ಹೇಳು, ಊರು ಕೇಳಿದರೆ ಹೀಗೆ, ನಮಸ್ಕಾರ ಹೀಗೆ.

ಕೃತಿಕಾ ಫಾರಂ ಮುಂದಕ್ಕೆ ತಂದಳು. ಇಪ್ಪತ್ತು ಪ್ರಶ್ನೆ, ಒಂದೊಂದಕ್ಕೆ ಎರಡು ಅಂಕ.

"ಊಟ?"

"ಅವಳೇ ಮಾಡ್ತಾಳೆ ಮೇಡಂ. ಚೆಲ್ಲೋದಿಲ್ಲ."

"ಬಟ್ಟೆ?"

"ಅವಳೇ."

"ಸ್ನಾನ ಯಾರು ಮಾಡಿಸ್ತಾರೆ?"

"ಅದೂ ಅವಳೇ."

ಅವನ ಹಿಂದೆ ನಿಂತಿದ್ದ ಯಲ್ಲಮ್ಮ ಸೆರಗು ಸರಿಮಾಡಿಕೊಂಡಳು. "ಸಾವ್ಕಾರ್ರ, ಅದು..."

"ನೀನು ಸುಮ್ನಿರು ಯಲ್ಲಮ್ಮ."

"ಇವರು ಯಾರು ಸರ್?"

"ನಮ್ಮನೇಲಿ ಇರೋರು."

ಕೃತಿಕಾ ಏನೋ ಬರೆದುಕೊಂಡಳು. "ಒಬ್ಬರೇ ಮನೆಯಿಂದ ಹೊರಗೆ ಹೋಗಿಬಿಡೋದು, ಕಳೆದುಹೋಗೋದು?"

"ಇಲ್ಲಪ್ಪ. ಹೇಳಿದ್ ಜಾಗದಲ್ಲಿ ಕೂತಿರ್ತಾಳೆ."

"ನಾವು ಮಾತಾಡೋದು ಅರ್ಥ ಆಗುತ್ತಾ?"

"ಎಲ್ಲ ಅರ್ಥ ಆಗುತ್ತೆ. ನಿಮಗೂ ನನಗೂ ಆದಷ್ಟೇ."

"ತಿಂಗಳ ದಿನಗಳಲ್ಲಿ ಅವರೇ ನೋಡ್ಕೋತಾರಾ?"

ಓಂಕಾರಪ್ಪ ಮೇಜಿನ ಮೇಲಿನ ಪೀಬೇರಿಯನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದ. "ಅದರದ್ದೆಲ್ಲ ಎಂತ ತೊಂದ್ರೆ ಇಲ್ಲ," ಎಂದ.

ಅದರದ್ದೇ ತೊಂದರೆಯಿತ್ತು. ಹೆಂಡತಿ ಸರ್ವಮಂಗಳಾ ಹೋದ ಶ್ರಾವಣದಲ್ಲಿ, ಅಡುಗೆಮನೆಯಲ್ಲಿ ನಿಂತಿದ್ದಂತೆಯೇ ಕುಸಿದು ತೀರಿಕೊಂಡಿದ್ದಳು. ಮೂವತ್ತು ವರ್ಷ ಮಗಳ ಮೈಗೆ ಸಂಬಂಧಿಸಿದ್ದನ್ನೆಲ್ಲ ಅವಳೊಬ್ಬಳೇ ಮಾಡಿದ್ದಳು. ಬಾಗಿಲ ಆಚೆ ಏನು ನಡೆಯುತ್ತದೆಂದು ಓಂಕಾರಪ್ಪ ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ಆಮೇಲೆ ಬಂದವಳು ಯಲ್ಲಮ್ಮ. ಕೊಪ್ಪಳದ ಕಡೆಯವಳು, ಇಪ್ಪತ್ತೆರಡು ವರ್ಷ ಎಸ್ಟೇಟಿನಲ್ಲಿ ಕಾಫಿ ಕೊಯ್ದು ಮಂಡಿ ಸವೆದಿತ್ತು. ನವೆಂಬರಿನಲ್ಲಿ ಅವಳು ಎರಡು ದಿನಕ್ಕೆಂದು ಮದುವೆಗೆ ಹೋಗಿದ್ದಾಗ ಶಿಲ್ಪಾ ಮುಟ್ಟಾದಳು. ಓಂಕಾರಪ್ಪ ಬಚ್ಚಲ ಬಾಗಿಲಿನ ಹೊರಗೆ ಗೋಡೆಗೆ ಮುಖ ಮಾಡಿ ನಿಂತು, ಹೀಗೆ ಮಾಡು ಹಾಗೆ ಮಾಡು ಎಂದು ಹೇಳುತ್ತಿದ್ದ. ಅವನು ಹೇಳಿದ್ದು ಅವಳಿಗೆ ತಿಳಿಯಲಿಲ್ಲ. ಅಮ್ಮ ಎಲ್ಲಿ ಎಂದು ಕೇಳಿಕೊಂಡು ಆ ಬಟ್ಟೆಯನ್ನು ಕೈಯಲ್ಲಿ ಹಿಡಿದೇ ಮನೆ ಮುಂದಿನ ಅಂಗಡಿಗೆ ನಡೆದು ಬಂದಳು. ಅಂಗಡಿಯಲ್ಲಿ ಐದು ಜನ ಬೆಳೆಗಾರರು ಕೂತಿದ್ದರು. ಎಲ್ಲರೂ ಒಟ್ಟಿಗೆ ರಸ್ತೆಯತ್ತ ನೋಡತೊಡಗಿದರು.

ಯಲ್ಲಮ್ಮ ಯುಗಾದಿಗೆ ಊರಿಗೆ ಹೋಗುವವಳು. ಮಗ ಅಲ್ಲಿ ಮನೆ ಕಟ್ಟಿಸಿದ್ದಾನೆ; ಮತ್ತೆ ಬರುವುದಿಲ್ಲ ಎಂದು ಸಂಕ್ರಾಂತಿಯಲ್ಲೇ ಹೇಳಿಯಾಗಿತ್ತು. ಅವಳ ಜಾಗಕ್ಕೆ ಓಂಕಾರಪ್ಪ ಮೂವರನ್ನು ಕೇಳಿ ನೋಡಿದ್ದ. ಒಬ್ಬಳು ಬಂದು ನಾಲ್ಕನೇ ದಿನ ಬಿಟ್ಟಳು. ಉಳಿದಿಬ್ಬರು ಬರಲೇ ಇಲ್ಲ. ಯುಗಾದಿಗೆ ಇನ್ನು ಐದು ವಾರವಿತ್ತು.

ಕೃತಿಕಾ ಫಾರಂ ತಿರುಗಿಸಿ ಅಂಕ ಕೂಡಿದಳು. ಅವಳು ಬರೆದದ್ದನ್ನು ಓಂಕಾರಪ್ಪ ಕತ್ತು ಚಾಚಿ ತಲೆಕೆಳಗಾಗಿಯೇ ಓದಿದ. ನಲವತ್ತಕ್ಕೆ ಮೂವತ್ತಾರು.

"ಮೂರು ಗಂಟೆಗೆ ಪಟ್ಟಿ ಹಾಕ್ತೀವಿ ಸರ್," ಎಂದು ಅವಳು ಮುಂದಿನವರನ್ನು ಕರೆದಳು.

ಮಳಿಗೆಯಿಂದ ಹೊರಗೆ ಬಂದು ಓಂಕಾರಪ್ಪ ಮಗಳ ತಲೆ ಸವರಿದ. "ಮೂವತ್ತಾರು! ನಮ್ಮಪ್ಪಂಗೆ ನಾನು ಯಾವತ್ತೂ ಇಷ್ಟು ಮಾರ್ಕ್ಸ್ ತೋರ್ಸಿರ್ಲಿಲ್ಲ ಮಾರಾಯ್ತಿ." ಶಿಲ್ಪಾ ನಕ್ಕಳು. ಯಲ್ಲಮ್ಮ ಮಾತ್ರ ನಗಲಿಲ್ಲ.

"ನಾಳಿ ಅಲ್ಲಿ ಹೋದಮ್ಯಾಗ ಗೊತ್ತಾಗಂಗಿಲ್ಲೇನ್ರಿ, ಈಕೀಗೆ ಜಳಕಾ ಬರಂಗಿಲ್ಲ ಅಂತ?"

"ಒಳಗೆ ಸೇರ್ಲಿ ಮೊದ್ಲು. ಸೇರಿದ ಮೇಲೆ ಅವರೇ ಕಲಿಸ್ತಾರೆ."

ಹನ್ನೆರಡೂವರೆಗೆ ಟ್ರಸ್ಟಿನ ಕಾರ್ಯದರ್ಶಿ ವೀರೇಂದ್ರ ಅವರನ್ನು ಹುಡುಕಿಕೊಂಡು ಬಂದ. ಬಿಳಿ ಅಂಗಿ, ಎದೆಗೆ ದೊಡ್ಡ ಬ್ಯಾಡ್ಜು, ಹಣೆ ತುಂಬ ಬೆವರು. ‘ಸ್ವಾವಲಂಬಿ ಚೇತನ’ ಪುರಸ್ಕಾರಕ್ಕೆ ಕೊಪ್ಪದಿಂದ ಬರಬೇಕಾಗಿದ್ದ ಹುಡುಗಿಗೆ ಬಸ್ಸು ತಪ್ಪಿತ್ತು. ಮುಖ್ಯ ಅತಿಥಿಗಳು ಬಂದು ಕೂತಾಗಿತ್ತು. "ನಿಮ್ಮ ಮಗಳ ವಿಡಿಯೊ ನೋಡ್ದೆ ಯಜಮಾನ್ರೆ. ಅವರಿಗೇ ಕೊಟ್ಟುಬಿಡೋಣ. ಬನ್ನಿ ಬನ್ನಿ, ಟೈಮಿಲ್ಲ."

ಓಂಕಾರಪ್ಪನಿಗೆ ಇದು ಆಗಲೇ ಬಂದ ಫಲಿತಾಂಶದಂತೆ ಕಂಡಿತು. ವೇದಿಕೆಯ ಮೆಟ್ಟಿಲ ತನಕ ತಾನೇ ಕೈ ಹಿಡಿದು ಕರೆದುಕೊಂಡು ಹೋದ. ಶಿಲ್ಪಾಳಿಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಗಾಜಿನ ಫಲಕ ಕೊಟ್ಟರು. ಹಿಡಿಯಲು ಕೈ ಸಾಲದೆ ಅವಳು ಫಲಕವನ್ನು ಕಂಕುಳಲ್ಲಿ ಇರುಕಿಕೊಂಡಳು. ವೀರೇಂದ್ರ ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದು, "ಶಿಲ್ಪಾ ಅವರೇ, ಇಲ್ಲಿ ಸೇರಿರೋ ಜನರಿಗೆ ನಿಮ್ಮ ಸಂದೇಶ ಏನು?" ಎಂದ.

ಅವಳು ಜನರನ್ನು ನೋಡಿದಳು. ಅಪ್ಪನನ್ನು ಹುಡುಕಿದಳು. "ಕಪ್ಪು ಬೀಜ ತೆಗೀಬೇಕು," ಎಂದಳು.

"ಎಂಥ ಮಾತು!" ವೀರೇಂದ್ರನ ದನಿ ಮೈದಾನದ ತುಂಬ ಹೋಯಿತು. "ನಮ್ಮೆಲ್ಲರ ಮನಸ್ಸಿನೊಳಗಿನ ಕಪ್ಪು ಬೀಜವನ್ನು ತೆಗೀಬೇಕು ಅಂತ ಹೇಳ್ತಾ ಇದ್ದಾರೆ. ಜೋರಾದ ಚಪ್ಪಾಳೆ ಬರಲಿ!"

ಇಬ್ಬರು ವರದಿಗಾರರು ಫೋಟೊ ತೆಗೆದುಕೊಂಡು ಓಂಕಾರಪ್ಪನಿಂದ ಹೆಸರು, ಊರು, ವಯಸ್ಸು ಬರೆಸಿಕೊಂಡರು. "ಯಾರ ಸಹಾಯನೂ ಇಲ್ದೆ ಎಲ್ಲ ಮಾಡ್ಕೋತಾರಾ?" ಎಂದು ಒಬ್ಬ ಕೇಳಿದ. "ಎಲ್ಲ," ಎಂದ ಓಂಕಾರಪ್ಪ.

ಊಟಕ್ಕೆ ಪಲಾವ್, ಮೊಸರನ್ನ, ಒಂದು ಹೋಳಿಗೆ. ಉದ್ದನೆಯ ಬೆಂಚಿನಲ್ಲಿ ಅವರ ಎದುರಿಗೆ ಬೆಳ್ಳಿಯಪ್ಪ ಸಿಕ್ಕಿದ. ಸಂಸೆ ಕಡೆಯ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ವರ್ಷಕ್ಕೆ ನಾಲ್ಕಾರು ಸಲ ಕಾಫಿ ಸ್ಯಾಂಪಲ್ ತೆಗೆದುಕೊಂಡು ಓಂಕಾರಪ್ಪನ ಅಂಗಡಿಗೆ ಬರುವವನು. ಅವನ ಪಕ್ಕದಲ್ಲಿ ಅವನ ತಂಗಿ ರಂಗಮ್ಮ ಕೂತಿದ್ದಳು. ನಲವತ್ತು ದಾಟಿದವಳು. ಮಾಸಿದ ನೈಟಿ, ಎಣ್ಣೆ ಕಾಣದ ಕೂದಲು, ಗಲ್ಲದ ಮೇಲೆ ಒಣಗಿದ ಜೊಲ್ಲು. ಬೆಳ್ಳಿಯಪ್ಪ ಮೊಸರನ್ನವನ್ನು ಕಿವುಚಿ ಅವಳ ಬಾಯಿಗಿಡುತ್ತಿದ್ದ.

"ಚೆಂದ ತಿಂತಾಳೆ ನಿಮ್ಮ ಮಗಳು," ಎಂದ ಅವನು, ಎರಡನೇ ಸಲ ಪಲಾವ್ ಹಾಕಿಸಿಕೊಳ್ಳುತ್ತಿದ್ದ ಶಿಲ್ಪಾಳನ್ನು ನೋಡಿ. "ಬರೀ ಹಬ್ಬ ನೋಡಕ್ಕೆ ಬಂದ್ರಾ ಸಾಹುಕಾರ್ರೆ?"

"ಹಾಸ್ಟೆಲಿಗೆ ಹೆಸ್ರು ಕೊಟ್ಟಿದೀನಿ. ನೀನೂ ಅದಕ್ಕೇ ಬಂದಿದ್ದಾ?" ಓಂಕಾರಪ್ಪ ದನಿ ಇಳಿಸಿದ. "ಅಲ್ಲ ಮಾರಾಯ, ಸಂದರ್ಶನ ಅಂದ್ರೆ ಸ್ವಲ್ಪ ಚೆಂದ ಮಾಡ್ಕಂಡು ಕರ್ಕಂಡ್ ಬರೋದಲ್ವ? ತಲೆನಾದ್ರೂ ಬಾಚ್ಸೋದು."

"ಬೇಕಂತ್ಲೇ ಬಾಚ್ಸಿಲ್ಲ." ಬೆಳ್ಳಿಯಪ್ಪ ತಂಗಿಯ ತುಟಿ ಒರೆಸಿದ. "ನಮ್ಮನೆಯೋಳು ದಿನಾ ಇವಳಿಗೆ ಜಡೆ ಹಾಕ್ತಾಳೆ. ಇವತ್ತು ಬೇಡ ಅಂದೆ. ಬೆಳಿಗ್ಗೆ ಮುಖನೂ ತೊಳ್ಸಿಲ್ಲ. ನಂಗೇನು ಖುಷಿಯಾ? ಏಳು ಬಂದಿದೆ."

"ಬರೀ ಏಳಾ? ಅಯ್ಯೋ."

"ಯಾಕೆ, ನಿಮಗೆಷ್ಟು?"

"ಮೂವತ್ತಾರು."

ಬೆಳ್ಳಿಯಪ್ಪನ ಕೈ ತಂಗಿಯ ಬಾಯಿಯ ಹತ್ತಿರ ನಿಂತಿತು. ಅವನು ಓಂಕಾರಪ್ಪನನ್ನು ನೋಡಿದ, ಬೆಂಚಿನ ಮೇಲಿದ್ದ ಗಾಜಿನ ಫಲಕ ನೋಡಿದ, ಮತ್ತೆ ಓಂಕಾರಪ್ಪನನ್ನು ನೋಡಿದ.

"ಕಮ್ಮಿ ಬಂದಷ್ಟೂ ಸೀಟು, ಮಾರಾಯ್ರೆ. ಕೈಲಾಗದೆ ಇರೋರಿಗೆ ಅದು. ಹದಿನೈದರ ಮೇಲೆ ಬಂದ್ರೆ ನೋಡೋದೂ ಇಲ್ಲ. ನಿಮಗೆ ಯಾರೂ ಹೇಳಿಲ್ವ?"

ಓಂಕಾರಪ್ಪ ಜೇಬಿನಿಂದ ಪತ್ರಿಕೆಯ ತುಣುಕು ತೆಗೆದು, ಗೆರೆ ಎಳೆದಿದ್ದ ಪದವನ್ನು ಮತ್ತೆ ಓದಿದ.

"ಹೋದ ವರ್ಷ ನಾನು ತಂದ ಸ್ಯಾಂಪಲ್ ನಿಮ್ಮ ಟೇಬಲ್ ಮೇಲೇ ಇತ್ತು. ಅದನ್ನ ಕಣ್ಣೆತ್ತಿ ನೋಡ್ದೆ, ಲಾರಿ ಹತ್ತಿ, ಚೀಲದ ಹೊಟ್ಟೆಗೆ ಕೊಳವೆ ಚುಚ್ಚಿ ಬೀಜ ತೆಗ್ದು ನೋಡಿ, ಲೋಡನ್ನೇ ವಾಪಸ್ ಕಳ್ಸಿದ್ರಿ. ಮೇಲಿನ ಹಿಡಿ ಯಾರಿಗ್ ಬೇಕು ಬೆಳ್ಳಿಯಪ್ಪ ಅಂದಿದ್ರಿ." ಬೆಳ್ಳಿಯಪ್ಪ ನಗಲು ನೋಡಿ ಬಿಟ್ಟುಬಿಟ್ಟ. "ಹೋಗಿ. ಪಟ್ಟಿ ಹಾಕಕ್ಕೆ ಮುಂಚೆ ಹೋಗಿ ಹೇಳಿ. ಬೇಗ ಹೋಗಿ."

ಪಟ್ಟಿ ತಯಾರಾಗುತ್ತಿದ್ದದ್ದು ಶಾಲೆಯ ಆರನೇ ತರಗತಿಯ ಕೋಣೆಯಲ್ಲಿ. ಓಂಕಾರಪ್ಪ ಒಂದು ಕೈಯಲ್ಲಿ ಮಗಳನ್ನು, ಇನ್ನೊಂದರಲ್ಲಿ ಹಣ್ಣಿನ ಬುಟ್ಟಿಯನ್ನು ಹಿಡಿದುಕೊಂಡು ಒಳಗೆ ಹೋದಾಗ ಎರಡು ಗಂಟೆ ಹತ್ತು ನಿಮಿಷ. ಯಲ್ಲಮ್ಮ ಕುಂಟುತ್ತ ಹಿಂದೆ ಬಂದಳು. ವೀರೇಂದ್ರ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತು ಸಹಿ ಮಾಡುತ್ತಿದ್ದ. ಕೃತಿಕಾ ಹಾಳೆಗಳನ್ನು ಒಂದೊಂದಾಗಿ ಅವನ ಮುಂದಿಡುತ್ತಿದ್ದಳು.

"ಮೇಡಂ, ಬೆಳಿಗ್ಗೆ ನಾನು ತಪ್ಪು ಬರೆಸ್ಬಿಟ್ಟೆ."

"ಯಾವ್ದು ಸರ್?"

"ಎಲ್ಲಾನೂ."

ವೀರೇಂದ್ರ ಪೆನ್ನಿನ ಕ್ಯಾಪು ಹಾಕಿದ. "ಯಜಮಾನ್ರೆ, ಊಟ ಆದ್ಮೇಲೆ ಹೀಗೆ ಹೇಳ್ಕೊಂಡು ಬಂದವರಲ್ಲಿ ನೀವು ಎಂಟನೆಯವರು. ಕಮ್ಮಿ ಅಂಕಕ್ಕೆ ಸೀಟು ಅಂತ ಗೊತ್ತಾದ ತಕ್ಷಣ ಎಲ್ಲರಿಗೂ ಬೆಳಿಗ್ಗೆ ಹೇಳಿದ್ದು ತಪ್ಪಾಗಿಬಿಡುತ್ತೆ."

"ಉಳಿದವರದ್ದು ನಂಗೆ ಗೊತ್ತಿಲ್ಲ. ನಾನು ವ್ಯಾಪಾರದೋನು. ಒಳ್ಳೇದನ್ನ ತೋರ್ಸಿದ್ರೆ ತಗೋತೀರಿ ಅಂತ..." ಅವನು ಬುಟ್ಟಿಯನ್ನು ಕೆಳಗಿಟ್ಟ. "ಸ್ನಾನ ಅವಳು ಮಾಡೋದಿಲ್ಲ. ತಲೆ ಮೇಲೆ ನೀರು ಬಿದ್ರೆ ಕಿರುಚ್ತಾಳೆ. ಇಬ್ಬರು ಹಿಡ್ಕಬೇಕು. ಬಾಗಿಲು ತೆಗ್ದಿದ್ರೆ ಹೋಗ್ಬಿಡ್ತಾಳೆ. ಎರಡು ಸಲ ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದಾಳೆ, ಒಂದ್ಸಲ ಹೊರನಾಡಲ್ಲಿ. ತಿಂಗಳದ್ದು ಅವಳಿಗೆ ತಿಳಿಯೋದೇ ಇಲ್ಲ. ಬಿಚ್ಚಿ ಎಲ್ಲಿ ಬೇಕಾದ್ರೂ ಇಡ್ತಾಳೆ. ಅಂಗಡಿಗೆ ಹಿಡ್ಕಂಡ್ ಬಂದಿದ್ಲು, ಐದು ಜನ ಗಂಡಸರಿದ್ರು..."

"ಸರ್," ಎಂದಳು ಕೃತಿಕಾ. ಅವಳು ಶಿಲ್ಪಾಳನ್ನು ನೋಡುತ್ತಿದ್ದಳು. "ಅವರ ಮುಂದೆ ಬೇಡ. ಹೊರಗೆ ಕೂರ್ಸಿ ಬನ್ನಿ."

"ಅವಳಿಗೆ ಎಂತ ಅರ್ಥ ಆಗುತ್ತೆ ಮೇಡಂ! ಎಂತದೂ ಆಗಲ್ಲ."

ಶಿಲ್ಪಾ ಅವನ ತೋಳು ಹಿಡಿದು ಎಳೆದಳು. "ಅಪ್ಪ."

"ಖರೇ ಐತ್ರಿ ಮೇಡಮ್ಮಾರ," ಎಂದಳು ಯಲ್ಲಮ್ಮ ಬಾಗಿಲ ಬಳಿಯಿಂದ. "ಜಳಕಾ ನಾನ ಮಾಡಸ್ತೀನ್ರಿ. ಎಲ್ಲಾ ನಾನ ಮಾಡಾಕಿ."

ವೀರೇಂದ್ರ ಅವಳತ್ತ ತಿರುಗಿದ. "ನೀವು ಅವರ ಮನೇಲೇ ಇದ್ದೀರಾ?"

"ಹೌದ್ರಿ. ಆರ ತಿಂಗಳಾತು."

"ನೋಡಿ ಯಜಮಾನ್ರೆ, ನೋಡ್ಕೊಳೋಕೆ ಮನೇಲೇ ಜನ ಇದ್ದಾರೆ. ನಮ್ಮ ಫಾರಂನಲ್ಲಿ ಅದಕ್ಕೂ ಒಂದು ಪ್ರಶ್ನೆ ಇದೆ. ಯಾರೂ ಇಲ್ಲದವರು ಎಷ್ಟು ಜನ ಬಂದಿದ್ದಾರೆ ಗೊತ್ತಾ ಇವತ್ತು?"

ಯಲ್ಲಮ್ಮ ಬಾಯಿಗೆ ಸೆರಗು ಹಿಡಿದುಕೊಂಡಳು. "ಯುಗಾದಿಗೆ ಊರಿಗೆ ಹೊಂಟೀನ್ರಿ ನಾನು," ಎಂದದ್ದು ಅವಳ ಹತ್ತಿರವಿದ್ದವರಿಗಷ್ಟೇ ಕೇಳಿಸಿತು.

"ಎಂತದೂ ಬರಲ್ಲ ಇವಳಿಗೆ," ಎಂದ ಓಂಕಾರಪ್ಪ. ಅವನ ದನಿ ಏರಿತ್ತು. "ಬೀಜ ಆರಿಸೋದೊಂದು ಬಿಟ್ರೆ ಎಂತ ಅಂದ್ರೆ ಎಂತದೂ ಬರಲ್ಲ. ಬರೀ ಕಲ್ಲು."

"ನಂಗೆ ಬತ್ತದೆ," ಎಂದಳು ಶಿಲ್ಪಾ.

"ಬರಲ್ಲ."

"ಬತ್ತದೆ ಅಪ್ಪ. ನಮಸ್ಕಾರ ಬತ್ತದೆ. ನಂ ಹೆಸ್ರು ಶಿಲ್ಪಾ. ನಮ್ಮೂರು ಕಳ್ಸ." ಅವಳು ಕೈ ಜೋಡಿಸಿ ವೀರೇಂದ್ರನಿಗೆ ನಮಸ್ಕಾರ ಮಾಡಿದಳು. ಶಾಲು ಒಂದು ಭುಜದಿಂದ ಜಾರಿತು.

ಓಂಕಾರಪ್ಪ ಅವಳ ಜೋಡಿಸಿದ ಕೈಯನ್ನು ಹಿಡಿದು ಬಿಡಿಸಿದ. "ಸುಮ್ನಿರು. ನಿಂಗೆ ಬರಲ್ಲ. ನಂಗೆ ಬರಲ್ಲ ಅಂತ ಹೇಳು ಅವರಿಗೆ. ಹೇಳು."

ಅವಳು ಅವನ ಬಾಯಿಯನ್ನೇ ನೋಡಿದಳು.

"ಹೇಳು ಮಗಳೇ. ಒಂದ್ಸಲ ಹೇಳು. ನಂಗೆ, ಬರಲ್ಲ."

ಹದಿನೈದು ದಿನ ಮಧ್ಯಾಹ್ನ ಇದೇ ದನಿಯಲ್ಲಿ ಬೇರೆ ಪಾಠ ನಡೆದಿತ್ತು. ಶಿಲ್ಪಾಳ ತುಟಿ ಅಲುಗಿತು. ಮಾತು ಹೊರಡಲಿಲ್ಲ. ಕೃತಿಕಾ ಎದ್ದು ಬಂದು ಜಾರಿದ ಶಾಲನ್ನು ಅವಳ ಭುಜಕ್ಕೆ ಏರಿಸಿದಳು.

"ಸರ್, ದಯವಿಟ್ಟು ನಿಲ್ಸಿ. ನಾನು ನಿಮ್ಮನ್ನ ನಂಬ್ತೀನಿ. ಆದ್ರೆ ಮನೆಗೆ ಬಂದು ನೋಡಿ ಫಾರಂ ಬದಲಾಯಿಸೋಕೆ ಈಗ ಟೈಮಿಲ್ಲ. ನಾಲ್ಕು ಹೆಸರಿಗೂ ಸಹಿ ಆಗಿದೆ. ನಿಮ್ಮ ಮಗಳಿಗೋಸ್ಕರ ಇದರಲ್ಲಿ ಯಾರನ್ನ ತೆಗೀಲಿ ಹೇಳಿ?"

ಓಂಕಾರಪ್ಪ ಹಾಳೆಯ ಕಡೆ ನೋಡಿದ. ಮೂರನೇ ಹೆಸರು ರಂಗಮ್ಮ, ಸಂಸೆ ಎಂದಿತ್ತು.

"ಮತ್ತೆ ಯಾವಾಗ?"

ಕೃತಿಕಾ ವೀರೇಂದ್ರನನ್ನು ನೋಡಿದಳು. ಅವನು ಕಿಟಕಿಯ ಕಡೆ ನೋಡಿದ. "ಜಾಗ ಖಾಲಿಯಾದಾಗ," ಎಂದಳು ಅವಳು. "ಮನೆಗೆ ವಾಪಸ್ ಹೋಗೋರು ಯಾರೂ ಇಲ್ಲ ಅಲ್ಲಿ. ಅಂದ್ರೆ, ಯಾರಾದ್ರೂ ತೀರ್ಕೊಂಡ್ರೆ. ಹೋದ ಸಲ ನಾಲ್ಕು ಜಾಗ ಆಗೋಕೆ ಮೂರು ವರ್ಷ ಹಿಡೀತು."

"ಇನ್ನೊಂದು ವಿಷಯ," ಎಂದ ವೀರೇಂದ್ರ. ಈಗ ಅವನ ದನಿ ಮೆತ್ತಗಾಗಿತ್ತು. "ನಾಳೆ ಪೇಪರಲ್ಲಿ ನಿಮ್ಮ ಮಗಳ ಫೋಟೊ ಬರುತ್ತೆ. ಸ್ವಾವಲಂಬಿ ಅಂತ. ಅವರನ್ನೇ ನಾವು ಒಳಗೆ ತಗೊಂಡ್ರೆ ಅರವತ್ತು ಮನೆಯವರು ನಮ್ಮನ್ನ ಕೇಳಲ್ವಾ?"

ಮೂರು ಗಂಟೆಗೆ ಮಳಿಗೆಯ ಕಂಬಕ್ಕೆ ಪಟ್ಟಿ ಅಂಟಿಸಿದರು. ಓಂಕಾರಪ್ಪ ನೋಡಲು ಹೋಗಲಿಲ್ಲ. ಮೈದಾನದಲ್ಲಿ ಗಾಲಿಕುರ್ಚಿ ಓಟ ಶುರುವಾಗಿತ್ತು. ಧ್ವನಿವರ್ಧಕದಲ್ಲಿ ಒಬ್ಬ ಉಸಿರು ಬಿಡದೆ ವೀಕ್ಷಕ ವಿವರಣೆ ಕೊಡುತ್ತಿದ್ದ. ಗೇಟಿನ ಹತ್ತಿರ ಬೆಳ್ಳಿಯಪ್ಪ ತಂಗಿಯನ್ನು ಜೀಪಿಗೆ ಹತ್ತಿಸುತ್ತಿದ್ದ. ಓಂಕಾರಪ್ಪನನ್ನು ಕಂಡು ಕೈ ಎತ್ತಿದ; ಇವನ ಮುಖ ನೋಡಿ ಇಳಿಸಿದ. ಆಮೇಲೆ ಜೀಪಿನ ಬಾಗಿಲಿಗೆ ಹಣೆ ಇಟ್ಟು ಸ್ವಲ್ಪ ಹೊತ್ತು ಹಾಗೇ ನಿಂತ. ಸೀಟು ಸಿಕ್ಕಿದವನು ಅವನು.

ಕಳಸದ ಬಸ್ಸು ನಾಲ್ಕಕ್ಕೆ ಹೊರಟಿತು. ಶಿಲ್ಪಾ ಕಿಟಕಿಯ ಪಕ್ಕ, ನಡುವೆ ಯಲ್ಲಮ್ಮ, ಈ ಕಡೆ ಓಂಕಾರಪ್ಪ. ರಸ್ತೆಯ ಎರಡೂ ಕಡೆ ಕೊಯ್ಲು ಮುಗಿದ ಗಿಡಗಳು ಧೂಳು ಹಿಡಿದು ನಿಂತಿದ್ದವು. ಮೊದಲ ಮಳೆ ಬಿದ್ದಿರಲಿಲ್ಲ, ಮೊಗ್ಗು ಕಾಯುತ್ತಿತ್ತು.

"ಒಂದ್ ವರ್ಷ ಇರಕ್ಕಾಗಲ್ವ ಯಲ್ಲಮ್ಮ?" ಎಂದ ಓಂಕಾರಪ್ಪ, ಮುಂದಿನ ಸೀಟಿನ ಕಂಬಿಯನ್ನು ನೋಡುತ್ತ.

"ನನ್ನ ಮಣಕಾಲಾಗ ಜೀವಾ ಇಲ್ರಿ ಸಾವ್ಕಾರ್ರ. ಮೊನ್ನೆ ಬಚ್ಚಲದಾಗ ಇಬ್ರೂ ಕೂಡೇ ಬಿದ್ವಿ. ನಿಮಗ ಹೇಳಿಲ್ಲ."

"ಆರು ತಿಂಗಳು?"

ಅವಳು ಮಂಡಿ ನೀವಿಕೊಂಡಳು. ಸ್ವಲ್ಪ ದೂರ ಹೋದ ಮೇಲೆ, "ನಾ ಅಲ್ಲಿ ಬಾಯಿ ತೆರೀಬಾರದಿತ್ತು," ಎಂದಳು.

"ನೀನು ನಿಜ ಹೇಳ್ದೆ."

ಬೆಳಿಗ್ಗೆ ಬರುವಾಗ ದಾರಿಯುದ್ದಕ್ಕೂ ಕಂಡ ಹಸು, ಲಾರಿ, ಗುಡಿ ಎಲ್ಲದರ ಹೆಸರು ಹೇಳುತ್ತ ಬಂದಿದ್ದ ಶಿಲ್ಪಾ ಈಗ ಕಿಟಕಿಯ ಹೊರಗೂ ನೋಡುತ್ತಿರಲಿಲ್ಲ. ತುಟಿ ಮಾತ್ರ ಆಗಾಗ ಅಲುಗುತ್ತಿತ್ತು.

ಕೊಟ್ಟಿಗೆಹಾರದಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ. ಬೆಳಗಿನಿಂದ ಓಡಾಡಿದ್ದಾಯಿತು, ಕಳಸ ತಲುಪಲು ಇನ್ನೂ ಒಂದೂವರೆ ತಾಸು ಬೇಕು ಎಂದು ಓಂಕಾರಪ್ಪ ಇಬ್ಬರನ್ನೂ ಇಳಿಸಿ ಹೋಟೆಲಿಗೆ ಕರೆದುಕೊಂಡು ಹೋದ. ತನಗೆ ಬರೀ ಟೀ, ಅವರಿಬ್ಬರಿಗೆ ನೀರುದೋಸೆ ಹೇಳಿದ. ಶಿಲ್ಪಾಳ ತಟ್ಟೆಯಲ್ಲಿ ನಾಲ್ಕು ದೋಸೆ, ಪಕ್ಕದಲ್ಲಿ ಕಾಯಿ ಚಟ್ನಿ. ಬಿಸಿಯ ಹಬೆ ಎದ್ದು ಅವಳ ಗಲ್ಲಕ್ಕೆ ತಾಗುತ್ತಿತ್ತು.

ಅವಳು ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ತಟ್ಟೆ ನೋಡುತ್ತ ಕೂತಳು.

"ತಿನ್ನು," ಎಂದ ಓಂಕಾರಪ್ಪ.

ಅವಳು ಅಲುಗಲಿಲ್ಲ.

"ಹಸಿವಿಲ್ವ?"

"ಹಸಿವು."

"ಮತ್ತೆ ತಿನ್ನು. ಬಸ್ಸು ಹೊರಡುತ್ತೆ."

"ನಂಗೆ ಬರಲ್ಲ," ಎಂದಳು ಶಿಲ್ಪಾ.

ಸ್ಪಷ್ಟವಾಗಿ, ಒಂದೊಂದು ಪದವನ್ನೂ ಬಿಡಿಸಿ ಹೇಳಿದಳು. ಹೇಳಿ, ಸರಿಯಾಯಿತೇ ಎಂದು ಅಪ್ಪನ ಮುಖ ನೋಡಿದಳು.

ಪಕ್ಕದ ಮೇಜಿನಲ್ಲಿ ಯಾರೋ ಲೋಟ ಕುಕ್ಕಿದರು. ಯಲ್ಲಮ್ಮ ತನ್ನ ದೋಸೆ ಬಿಟ್ಟು, "ಯವ್ವಾ, ಹಂಗ ಅನಬಾರದು, ಉಣ್ಣವ್ವ," ಎಂದು ಅವಳ ಬಲಗೈಯನ್ನು ಎತ್ತಿ ತಟ್ಟೆಯ ಮೇಲಿಟ್ಟಳು. ಕೈ ದೋಸೆಯ ಮೇಲೆ ಮಗ್ಗುಲಾಗಿ ಬಿದ್ದುಕೊಂಡಿತು. ಆ ಬೆರಳುಗಳು ಏನನ್ನೂ ಹಿಡಿಯಲಿಲ್ಲ. ಸ್ವಲ್ಪ ಹೊತ್ತಿಗೆ ಅದು ತಾನಾಗಿ ಜಾರಿ ಮತ್ತೆ ತೊಡೆಗೆ ಬಂತು.

"ನಂಗೆ ಬರಲ್ಲ," ಎಂದು ಶಿಲ್ಪಾ ಯಲ್ಲಮ್ಮನಿಗೂ ಹೇಳಿದಳು.

ಹೊರಗೆ ಕಂಡಕ್ಟರು ಹಿರೇಬೈಲು, ಕಳಸ ಎಂದು ಕೂಗುತ್ತಿದ್ದ. ಓಂಕಾರಪ್ಪ ಕುರ್ಚಿ ಎಳೆದುಕೊಂಡು ಮಗಳ ಪಕ್ಕಕ್ಕೆ ಬಂದ. ದೋಸೆಯ ಒಂದು ಚೂರು ಹರಿದು ಚಟ್ನಿಗೆ ಅದ್ದಿದ. ಎಷ್ಟು ದೊಡ್ಡ ಚೂರು ಹರಿಯಬೇಕೆಂದು ಅವನಿಗೆ ಗೊತ್ತಿರಲಿಲ್ಲ. ದೊಡ್ಡದಾಯಿತೆನಿಸಿ ಅರ್ಧ ಮಾಡಿದ. ಶಿಲ್ಪಾ ಬಾಯಿ ತೆರೆದಳು. ಅಗಿದು, ನುಂಗಿ, ಮತ್ತೆ ತೆರೆದು ಕಾದಳು.